ಹೆಬ್ಬೆರಳಿನಷ್ಟು ಅಂಚು

ಭಾನುವಾರ ಅಂಗಡಿಗೆ ರಜೆ. ನಾವು ಐದೂ ಜನ ಒಟ್ಟಿಗೆ ಕೂತು ಉಣ್ಣುವುದು ಆ ಒಂದು ಮಧ್ಯಾಹ್ನ ಮಾತ್ರ. ಉಳಿದ ದಿನ ಒಬ್ಬರು ಒಗೆಯುವ ತೊಟ್ಟಿಯ ಹತ್ತಿರ, ಒಬ್ಬರು ಇಸ್ತ್ರಿ ಮೇಜಿನ ಹತ್ತಿರ, ಒಬ್ಬರು ಗಿರಾಕಿಗಳ ಮುಂದೆ. ತಟ್ಟೆ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ.

ಆ ಭಾನುವಾರ ಅನ್ನ, ಹುರಿದ ಮೀನು, ಬೇಯಿಸಿದ ಮೊಟ್ಟೆ. ಮಗಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಹದಿನೆಂಟು ತುಂಬಿದೆ, ಮೈಮೇಲೆ ಮಾಂಸವಿಲ್ಲ. ಮನೆಯವರಿಗೆಲ್ಲ ಅವಳು ಕಡ್ಡಿ. ಕಟ್ಟಡ ವಿನ್ಯಾಸದ ಕಾಲೇಜಿಗೆ ಹನ್ನೆರಡು ಚಿತ್ರಗಳನ್ನು ಕೊಟ್ಟು ಬಂದು ಮೂರು ವಾರವಾಗಿತ್ತು. ಸಾವಿರದ ಇನ್ನೂರು ಅರ್ಜಿ, ನಲವತ್ತು ಸೀಟು.

"ಅಲ್ಲಿ ಎಷ್ಟು ರಾಶಿ ಬಿದ್ದಿತ್ತು ಗೊತ್ತಾ ಅಮ್ಮ? ನನ್ನದೊಂದು ಹಾಳೆ ಜಾರಿ ಬೇರೆಯವರ ಕಟ್ಟಿಗೆ ಸೇರಿಕೊಂಡ್ರೆ?"

"ಸೇರಲ್ಲ ಬಿಡೇ. ನಾನು ಗುರುತು ಹಾಕಿದೀನಿ," ಅಂದರು ಅಜ್ಜಿ, ಮೀನಿನ ಮುಳ್ಳು ಬಿಡಿಸುತ್ತಾ.

ಅಜ್ಜಿ ಎಂದರೆ ನನ್ನ ಅತ್ತೆ. ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಅವರು ಅಜ್ಜಿಯೇ.

"ಏನು ಗುರುತು?" ಕಡ್ಡಿ ಕೇಳಿದಳು.

"ನಮ್ಮನೆ ಗುರುತು. ಇನ್ನೇನು? ನೀಲಿ ದಾರ, ಎರಡು ಹೊಲಿಗೆ. ಹನ್ನೆರಡಕ್ಕೂ ಹಾಕಿದೀನಿ, ಎಡಗಡೆ ಕೆಳಗಿನ ಮೂಲೇಲಿ. ಕಾಗದ ಹರಿದೀತು ಅಂತ ಸಣ್ಣ ಸೂಜಿ ತಗೊಂಡೆ."

ಕಡ್ಡಿಯ ಕೈಯಿಂದ ಮೊಟ್ಟೆ ತಟ್ಟೆಗೆ ಬಿತ್ತು. ನನ್ನ ಗಂಡ ಬಾಯಿಗೆ ಹಾಕಿಕೊಂಡ ತುತ್ತನ್ನು ನುಂಗದೆ ಅಮ್ಮನನ್ನೇ ನೋಡಿದರು.

ನಮ್ಮ ಜನಕ್ಕೆ ಈ ಊರಿನವರು ಇಟ್ಟ ಹೆಸರು ದೋಣಿಯವರು. ನಮ್ಮ ಮುತ್ತಜ್ಜಂದಿರು ದೋಣಿಯಲ್ಲಿ ಬಂದವರಂತೆ. ನಮ್ಮಲ್ಲಿ ಯಾರೂ ಈಗ ದೋಣಿ ಹತ್ತಿದವರಲ್ಲ. ನಮ್ಮನೆಯಲ್ಲಿ ನೀರಿರುವುದು ತೊಟ್ಟಿಯಲ್ಲಿ ಮಾತ್ರ ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಊರಿನ ಬೇರೆ ಲಾಂಡ್ರಿಯವರು ಬಟ್ಟೆಗೆ ಮಸಿಯಲ್ಲಿ ನಂಬರ್ ಬರೆಯುತ್ತಾರೆ. ದಾರದಲ್ಲಿ ಗುರುತು ಹೊಲಿಯುವವರು ನಮ್ಮವರು ಮಾತ್ರ. ಒಂದೊಂದು ಮನೆಗೆ ಒಂದೊಂದು ಬಣ್ಣ. ಅಂಗಿಯ ಮಡಿಕೆಯಲ್ಲಿ ಆ ಹೊಲಿಗೆ ಕಂಡರೆ, ಇದು ದೋಣಿಯವರ ಅಂಗಡಿಗೆ ಹೋಗಿ ಬಂದದ್ದು ಎಂದು ಮಕ್ಕಳೂ ಹೇಳುತ್ತಾರೆ. ಗುರುತಿಲ್ಲದ್ದು ಹೊಸಿಲು ದಾಟಬಾರದು ಎನ್ನುವುದು ಅಜ್ಜಿಯ ಕಾನೂನು. ಒಮ್ಮೆ ಯಾರದೋ ಮದುವೆಯ ಕೋಟು ಗುರುತಿಲ್ಲದೆ ಹೋಗಿ ಕಳೆದು, ಅದರ ದಂಡ ತೀರಿಸಲು ಅವರು ಎರಡು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದಿದ್ದರು.

ಕಾಲೇಜಿನ ನಿಯಮಗಳ ಹಾಳೆಯನ್ನು ನಾನು ಇಪ್ಪತ್ತು ಸಲವಾದರೂ ಓದಿದ್ದೆ. ನಾಲ್ಕನೆಯ ನಿಯಮ ಬಾಯಿಪಾಠ. ಹೆಸರು, ಸಹಿ, ಮನೆತನ ಅಥವಾ ಜನಾಂಗವನ್ನು ಸೂಚಿಸುವ ಯಾವುದೇ ಗುರುತು ಚಿತ್ರಗಳ ಮೇಲೆ ಕಂಡುಬಂದಲ್ಲಿ ಅರ್ಜಿ ರದ್ದು.

"ಆವತ್ತು ಚಿತ್ರಗಳ ಗಂಟು ಕಟ್ಟಿ ಅಂತ ಅಜ್ಜಿಗೆ ಹೇಳಿದ್ದು ನಾನೇ," ಅಂದೆ. "ಗಿರಾಕಿ ಕಾಯ್ತಿದ್ರು. ನಾನು ಕಟ್ಟಬೇಕಿತ್ತು."

"ಕಟ್ಟಿದ್ರೆ ಏನೀಗ? ಆಕಾಶ ಬಿತ್ತಾ?" ಅಜ್ಜಿಗೆ ಇನ್ನೂ ಅರ್ಥವಾಗಿರಲಿಲ್ಲ.

ಕಡ್ಡಿ ವಿವರಿಸಿದಳು. ದನಿ ಏರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಅಜ್ಜಿ ಕೇಳಿಸಿಕೊಂಡರು, ಕೈ ತೊಳೆಯದೆ ಸೆರಗಿಗೆ ಒರೆಸಿಕೊಂಡರು.

"ಕಳೆದುಹೋಗಬಾರದು ಅಂತ ಹಾಕಿದೆ ಕಣೇ," ಅಂದರು.

ಆ ಮಾತಿನ ಮೇಲೆ ಯಾರೂ ಊಟ ಮುಗಿಸಲಿಲ್ಲ. ನನ್ನ ನಾದಿನಿ ಒಬ್ಬಳು ಮಾತ್ರ ತನ್ನ ತಟ್ಟೆ ಖಾಲಿ ಮಾಡಿ, ಕಡ್ಡಿಯ ತಟ್ಟೆಯ ಮೊಟ್ಟೆಯನ್ನೂ ಎತ್ತಿ ಮುಚ್ಚಿಟ್ಟಳು. "ಸಾಯಂಕಾಲ ಹಸಿವಾಗುತ್ತೆ," ಅಂದಳು.

ಮಾರನೆಯ ಬೆಳಿಗ್ಗೆ ವಕೀಲರ ಹೆಂಡತಿ ಬಂದರು. ಹದಿನೈದು ವರ್ಷದ ಗಿರಾಕಿ. ಬಿಳಿ ಅಂಗಿಗಳಿಗೆ ಗಂಜಿ ಎಷ್ಟು, ಮಡಿಕೆ ಎಲ್ಲಿ ಎಂದು ಹೇಳಬೇಕಾದ ಅಗತ್ಯವೇ ಇಲ್ಲ. ಆದರೂ ಪ್ರತಿ ಸಲ ಹೇಳುತ್ತಾರೆ. ಅವರ ಮಗಳೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದಳು.

"ನಿಮ್ಮ ಮಗಳದೇನು ಸುದ್ದಿ?"

"ಕಾಯ್ತಿದೀವಿ."

"ನಿಮಗೇನಮ್ಮ ಚಿಂತೆ! ಈಗ ಹೆಸರು ನೋಡಲ್ಲ, ಸಂದರ್ಶನ ಇಲ್ಲ, ಬರೀ ಚಿತ್ರ ನೋಡ್ತಾರಂತೆ. ನಿಮ್ಮವರು ಹಗಲೂ ರಾತ್ರಿ ಬಿಡದೆ ಗೀಚ್ತಾರೆ. ಹೋದ ವರ್ಷ ನಲವತ್ತರಲ್ಲಿ ಹನ್ನೊಂದು ಜನ ನಿಮ್ಮವರೇ. ನಮ್ಮ ಮಕ್ಕಳು ಎಲ್ಲಿ ಹೋಗಬೇಕು ಹೇಳಿ? ತಪ್ಪು ತಿಳ್ಕೋಬೇಡಿ, ನಿಮ್ಮ ಬಗ್ಗೆ ಹೇಳ್ತಿಲ್ಲ."

"ಎಲ್ಲ ಮಕ್ಕಳೂ ಕಷ್ಟಪಟ್ಟಿರ್ತಾರೆ," ಅಂದೆ. ರಸೀದಿ ಬರೆಯುವಾಗ ಅಂಗಿ ಆರು ಎನ್ನುವ ಕಡೆ ಒಂಬತ್ತು ಬರೆದು, ಹೊಡೆದುಹಾಕಿ ತಿದ್ದಿದೆ.

"ನಮ್ಮವಳು ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಕಣ್ರೀ," ಅಂದರು ಅವರು, ಸಣ್ಣ ದನಿಯಲ್ಲಿ. ಆ ಒಂದು ಮಾತಿಗೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇತ್ತು.

ಅವರು ಹೋಗುವಷ್ಟರಲ್ಲಿ ಒಳಗೆ ಜಗಳ ಶುರುವಾಗಿತ್ತು. ಕಡ್ಡಿ ಕಾಲೇಜಿಗೆ ಹೋಗಿ ಹೇಳಿಬಿಡುತ್ತೇನೆ ಅಂದಿದ್ದಳು.

"ಹೇಳಿ ಏನ್ಮಾಡ್ತೀಯ?" ನನ್ನ ಗಂಡ ಒದ್ದೆ ಚಾದರವನ್ನು ಹಿಂಡುತ್ತಲೇ ಕೂಗಿದರು, ಚಾದರದ ಇನ್ನೊಂದು ತುದಿ ಅವಳ ಕೈಯಲ್ಲಿತ್ತು. "ಇರಲಾರದೆ ಇರುವೆ ಬಿಟ್ಕೊಂಡ ಹಾಗೆ! ಅವರು ನೋಡೇ ಇಲ್ಲ ಅಂದ್ರೆ? ನೀನೇ ಹೋಗಿ ತೋರಿಸಿದ ಹಾಗಾಗಲ್ವಾ?"

"ನೋಡಿದ್ರೆ?"

"ನೋಡಿದ್ರೆ ರದ್ದು ಮಾಡ್ತಾರೆ. ಹೇಳಿದ್ರೂ ರದ್ದು ಮಾಡ್ತಾರೆ. ಸುಮ್ಮನಿದ್ರೆ ಅರ್ಧ ಆಸೆಯಾದ್ರೂ ಉಳಿಯುತ್ತೆ."

"ಸುಮ್ಮನಿದ್ದು ಸೀಟು ಸಿಕ್ತು ಅಂತಿಟ್ಕೋ ಅಪ್ಪ. ಒಳಗೆ ನಮ್ಮವರೇ ಒಬ್ರು ಕೂತಿದ್ದು, ಆ ದಾರ ನೋಡಿ ಒಂದೆರಡು ಅಂಕ ಜಾಸ್ತಿ ಹಾಕಿರಬಹುದಲ್ವಾ? ಸಿಗಲಿಲ್ಲ ಅಂತಿಟ್ಕೋ, ಇನ್ನೊಬ್ರು ಅದನ್ನೇ ನೋಡಿ ಕಳೆದಿರಬಹುದಲ್ವಾ? ನನಗೆ ಚಿತ್ರ ಬರೆಯೋಕೆ ಬರುತ್ತೋ ಇಲ್ವೋ ಅನ್ನೋದು ಮಾತ್ರ ಯಾವತ್ತೂ ಗೊತ್ತಾಗಲ್ಲ."

"ಗೊತ್ತಾಗಿ ಏನಾಗಬೇಕು? ಸೀಟು ಸಿಕ್ರೆ ಸಾಲದಾ?"

"ಸಾಲಲ್ಲ."

"ಓಹೋ! ನೋಡಿದ್ಯೇನೇ, ನಿನ್ನ ಮಗಳಿಗೆ ಸೀಟು ಸಾಲಲ್ವಂತೆ," ಎಂದು ನನ್ನ ಕಡೆ ತಿರುಗಿದರು. ಕೆಲಸ ಕೆಟ್ಟಾಗ ಮಗಳು ನನ್ನವಳು.

ಆ ವಾರ ಹಾಗೇ ಕಳೆಯಿತು. ಅಪ್ಪ ಮಗಳು ಚಾದರದ ಎರಡು ತುದಿ ಹಿಡಿದು ಮಡಿಸುತ್ತಿದ್ದರು, ಮಾತಿಲ್ಲ. ಅಜ್ಜಿ ಸೂಜಿ ಮುಟ್ಟಲಿಲ್ಲ. ಗುರುತು ಹಾಕುವ ಕೆಲಸ ನನಗೆ ಬಂತು. ಮಂಗಳವಾರ ನನ್ನ ತಪ್ಪಿನಿಂದ ವೈದ್ಯರ ಕೋಟು ಬೇಕರಿಯವರ ಮನೆಗೆ ಹೋಯಿತು. ಬೇಕರಿಯವರು ಅದನ್ನು ಹಾಕಿಕೊಂಡೇ ವಾಪಸು ಕೊಡಲು ಬಂದು, "ಯಾರಿಗಾದ್ರೂ ಜ್ವರ ಇದೆಯಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಮನೆ ಮಂದಿಯೆಲ್ಲ ನಗುತ್ತಿದ್ದೆವು.

ಗುರುವಾರ ಮಧ್ಯಾಹ್ನ ನಾದಿನಿಯ ಇಸ್ತ್ರಿ ಮೇಜಿನ ಮೇಲೆ ಒಂದು ಹಳೆಯ ಲಕೋಟೆ ಇತ್ತು. ನಾದಿನಿಗೆ ನಲವತ್ತನಾಲ್ಕು. ಮದುವೆಯಾಗಲಿಲ್ಲ, ಬೇರೆ ಕೆಲಸಕ್ಕೂ ಹೋಗಲಿಲ್ಲ. ಅವಳು ಅದೇ ಕಾಲೇಜಿಗೆ ಒಮ್ಮೆ ಅರ್ಜಿ ಹಾಕಿದ್ದಳು ಎಂದು ನನಗೆ ಗೊತ್ತಿತ್ತು. ಅದರ ಮಾತು ಈ ಮನೆಯಲ್ಲಿ ಎತ್ತಬಾರದು ಎಂಬುದೂ ಗೊತ್ತಿತ್ತು.

"ಬಾರೇ ಇಲ್ಲಿ," ಎಂದು ಅವಳು ಕಡ್ಡಿಯನ್ನು ಕರೆದಳು. "ಓದು. ಜೋರಾಗಿ ಓದು, ನಿಮ್ಮಪ್ಪನಿಗೂ ಕೇಳಿಸಲಿ."

ಕಡ್ಡಿ ಓದಿದಳು. "ಚಿತ್ರರಚನೆ, ನೂರಕ್ಕೆ ತೊಂಬತ್ತೊಂದು. ಬೆರೆಯುವ ಗುಣ, ನೂರಕ್ಕೆ ಹನ್ನೆರಡು. ಒಟ್ಟಾರೆ, ಆಯ್ಕೆಯಾಗಿಲ್ಲ."

"ಬೆರೆಯುವ ಗುಣ ಅಂದ್ರೇನತ್ತೆ?"

"ನನಗೂ ಗೊತ್ತಿಲ್ಲ. ಮೂರು ಜನ ಕೂತಿದ್ರು. ಚಿತ್ರದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಿಮ್ಮ ಮನೇಲಿ ಒಂದು ಕೋಣೇಲಿ ಎಷ್ಟು ಜನ ಮಲಗ್ತೀರಿ ಅಂತ ಕೇಳಿದ್ರು. ನಾನು, ಚಳಿಗಾಲದಲ್ಲೋ ಬೇಸಿಗೇಲೋ ಸಾರ್, ಅಂದೆ."

ಕಡ್ಡಿ ನಕ್ಕಳು.

"ಅವರು ನಗಲಿಲ್ಲ," ಅಂದಳು ನಾದಿನಿ. ಇಸ್ತ್ರಿ ಎತ್ತಿ ಪಕ್ಕಕ್ಕೆ ಇಟ್ಟಳು. "ಆ ಮಾತು ಆಡಬಾರದಿತ್ತೇನೋ ಅಂತ ಇವತ್ತಿಗೂ ಅನ್ಸುತ್ತೆ. ಒಂದು ದಿನ ನನ್ನ ಮುಖ ನೋಡಿ ಕೈಬಿಟ್ರು ಅನ್ಸುತ್ತೆ. ಇನ್ನೊಂದು ದಿನ, ತೊಂಬತ್ತೊಂದು ಅಂತ ಸುಳ್ಳು ಬರೆದಿರಬೇಕು, ನಂಗೆ ಬರ್ತಾನೇ ಇರಲಿಲ್ಲ ಅನ್ಸುತ್ತೆ. ಇಪ್ಪತ್ತಾರು ವರ್ಷ ಆಯ್ತು. ಅಣ್ಣ, ಕೇಳಿಸ್ತಾ? ಇವಳಿಗೂ ಇದನ್ನೇ ಹೊರೆಸ್ತೀಯಾ?"

ತೊಟ್ಟಿಯ ಕಡೆ ಬಟ್ಟೆ ಜಾಲಿಸುವ ಸದ್ದು ನಿಂತಿತು. "ಸೋಮವಾರ ಹೋಗಿ ಬನ್ನಿ," ಅಂದರು ನನ್ನ ಗಂಡ. "ಅಂಗಡಿ ನಾನು ನೋಡ್ಕೋತೀನಿ. ರದ್ದಾದ್ರೆ ನನ್ನ ಮುಂದೆ ಬಂದು ಅಳಬೇಡಿ."

ಸೋಮವಾರ ನಾವು ಮೂವರು ಹೊರಟೆವು. ಎರಡು ಬಸ್ಸು ಬದಲಿಸಬೇಕು. ನಾದಿನಿ ತನ್ನ ಒಳ್ಳೆಯ ಬೂದು ಕೋಟು ಹಾಕಿಕೊಂಡಿದ್ದಳು. ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, "ತಪ್ಪು ಮುದುಕಿಯದ್ದು ಅನ್ನಿ. ಬೇಕಾದ್ರೆ ನನ್ನ ಕರೆಸಲಿ," ಅಂದರು. ವಾರದಲ್ಲಿ ಅವರು ಆಡಿದ ಉದ್ದನೆಯ ಮಾತು ಅದೇ.

ಪ್ರವೇಶ ವಿಭಾಗದ ಕಿಟಕಿಯ ಹಿಂದೆ ಗುಮಾಸ್ತೆಯೊಬ್ಬರು ಕೂತಿದ್ದರು. ಐವತ್ತು ದಾಟಿದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ನಾನು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಆದರೆ ಕಡ್ಡಿ ನನಗಿಂತ ಮೊದಲು ಬಾಯಿ ತೆರೆದಳು.

"ಮೇಡಂ, ನನ್ನ ಚಿತ್ರದ ಮೇಲೆ ಒಂದು ಗುರುತು ಬಂದುಬಿಟ್ಟಿದೆ. ನನ್ನ ನಂಬರ್..."

"ಬಾಯಿ ಮುಚ್ಚು!" ಗುಮಾಸ್ತೆ ಎದ್ದು ನಿಂತೇಬಿಟ್ಟರು. "ನಂಬರ್ ಹೇಳಬೇಡ! ಹೆಸರೂ ಬೇಡ! ನನ್ನ ಕಿವಿಗೆ ನಿನ್ನ ನಂಬರ್ ಬಿದ್ರೆ ಆ ನಿಮಿಷಕ್ಕೆ ಅರ್ಜಿ ರದ್ದು. ನಿಯಮ ಓದಿಲ್ವಾ?"

ನಾಲ್ಕನೆಯ ನಿಯಮ ಬಾಯಿಪಾಠ ಮಾಡಿದವಳು ಏಳನೆಯದನ್ನು ಮರೆತಿದ್ದೆ: ಅಭ್ಯರ್ಥಿಯಾಗಲಿ, ಪೋಷಕರಾಗಲಿ ತಮ್ಮ ಸಂಖ್ಯೆಯನ್ನು ಸಿಬ್ಬಂದಿಗೆ ತಿಳಿಸಕೂಡದು. ಕಡ್ಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡೆ.

ನಾದಿನಿ ನಮ್ಮಿಬ್ಬರನ್ನೂ ಹಿಂದೆ ಸರಿಸಿ ಕಿಟಕಿಯ ಮುಂದೆ ನಿಂತಳು.

"ಮೇಡಂ, ನಾವು ಯಾರೂ ಅಲ್ಲ. ಸುಮ್ಮನೆ ಒಂದು ಕಥೆ ಹೇಳ್ತೀನಿ. ಎಲ್ಲೋ ಒಂದು ಮನೆ. ಅಲ್ಲೊಬ್ಬಳು ಮುದುಕಿ. ಗುರುತಿಲ್ಲದೆ ಏನೂ ಹೊರಗೆ ಹೋಗಬಾರದು ಅನ್ನೋ ಹಟದವಳು. ಮೊಮ್ಮಗಳ ಹಾಳೆ ಕಳೆದುಹೋಗಬಾರದು ಅಂತ ಮೂಲೇಲಿ ದಾರ ಹೊಲಿದುಬಿಟ್ಲು. ಆ ದಾರ ನೋಡಿದ್ರೆ ಇವರು ಯಾವ ಜನ ಅಂತ ಊರಿಗೇ ಗೊತ್ತಾಗುತ್ತೆ. ಈಗ ಆ ಮನೆಯವರು ಏನು ಮಾಡಬೇಕು?"

ಗುಮಾಸ್ತೆ ಅವಳನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮೊದಲು ಅವರ ಭುಜ ಅಲುಗಿತು, ಆಮೇಲೆ ನಗು ಹೊರಗೆ ಬಂತು.

"ಬನ್ನಿ ಒಳಗೆ. ನಂಬರ್ ಮಾತ್ರ ಹೇಳಬೇಡಿ."

ಹಿಂದಿನ ಕೋಣೆಯಲ್ಲಿ ಕಾಗದ ಕತ್ತರಿಸುವ ದೊಡ್ಡ ಯಂತ್ರವಿತ್ತು. ಅದರ ಪಕ್ಕ ಐದಾರು ಗೋಣಿಚೀಲ, ಬಾಯಿವರೆಗೆ ಕಾಗದದ ಪಟ್ಟಿಗಳು.

"ನೀವೊಬ್ರೇ ಅಂದ್ಕೊಂಡ್ರಾ?" ಗುಮಾಸ್ತೆ ಒಂದು ಚೀಲಕ್ಕೆ ಕೈ ಹಾಕಿದರು. "ನೋಡಿ. ಇದು ಸೆಂಟು ಹಚ್ಚಿದ್ದು, ಇನ್ನೂ ವಾಸನೆ ಇದೆ. ಇದು ಯಾರದೋ ಮಾವನ ಹೆಸರಿನ ಮೊದಲಕ್ಷರ. ಇದು ಕಂಪನಿ ಮುದ್ರೆ. ದೊಡ್ಡ ದೊಡ್ಡ ಮನೆಯವರು ಬೇಕಂತಲೇ ಮಾಡಿ ಕಳಿಸ್ತಾರೆ. ಅದಕ್ಕೇ, ಬಂದ ದಿನವೇ ಎಲ್ಲರ ಹಾಳೆಗೂ ನಾಲ್ಕೂ ಅಂಚು ಕತ್ತರಿಸ್ತೀವಿ. ಹಿಂಬದಿಯ ನಡುವೆ ನಂಬರ್ ಒತ್ತಿ ಒಳಗೆ ಕಳಿಸ್ತೀವಿ. ನೋಡುವವರಿಗೆ ಅಂಚು ಸಿಗೋದೇ ಇಲ್ಲ. ಕತ್ತರಿಸಿದ ಮೇಲೂ ಗುರುತು ಉಳಿದಿದ್ರೆ ಮಾತ್ರ ರದ್ದು."

"ಎಷ್ಟು ಕತ್ತರಿಸ್ತೀರಿ?" ನಾನು ಕೇಳಿದೆ.

"ಒಂದು ಹೆಬ್ಬೆರಳು ಅಗಲ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರಶ್ನೆ ಮೂವರದೂ ಒಂದೇ: ಅಜ್ಜಿಯ ಹೊಲಿಗೆ ಆ ಅಗಲದೊಳಗೆ ಬರುತ್ತದೋ ಇಲ್ಲವೋ. ನಾದಿನಿ ಬೂದು ಕೋಟಿನ ತೋಳನ್ನು ಒಳಮೈ ಹೊರಗೆ ಮಡಿಸಿದಳು. ಅಲ್ಲಿ ನೀಲಿ ದಾರದ ಎರಡು ಹೊಲಿಗೆ ಇದ್ದವು. ಐವತ್ತು ವರ್ಷದಿಂದ ಅಜ್ಜಿಯ ಹೊಲಿಗೆ ಅಂಚಿನಿಂದ ಒಂದು ಎಳೆ ಆಚೆ ಈಚೆ ಹೋದದ್ದಿಲ್ಲ. ಅಂಗಿಯಾಗಲಿ, ಪರದೆಯಾಗಲಿ, ಕಾಗದವಾಗಲಿ.

"ನಿಮ್ಮ ಹೆಬ್ಬೆರಳು ಇಡಿ ಮೇಡಂ," ಅಂದಳು.

ಗುಮಾಸ್ತೆ ಅಂಚಿಗೆ ಹೆಬ್ಬೆರಳು ಇಟ್ಟರು. ನೀಲಿ ಪೂರ್ತಿ ಮುಚ್ಚಿಹೋಯಿತು. ಬೆರಳಿನ ಈಚೆ ಇನ್ನೂ ಅಕ್ಕಿಕಾಳಿನಷ್ಟು ಜಾಗ ಉಳಿದಿತ್ತು.

ಕಡ್ಡಿ ಅಲ್ಲೇ ಗೋಣಿಚೀಲದ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನಾನಂತೂ ಅತ್ತೇಬಿಟ್ಟೆ.

"ಅಯ್ಯೋ, ನಾಲ್ಕೂ ಕಡೆ ಅಂದ್ರಾ?" ಎಂದು ಕಡ್ಡಿ ತಟ್ಟನೆ ತಲೆ ಎತ್ತಿದಳು. "ನನ್ನದೊಂದು ಚಿತ್ರದಲ್ಲಿ ಮೊಣಕೈ ಅಂಚಿಗೇ ಬಂದಿತ್ತು!"

"ಕೇಳಿಸಲಿಲ್ಲ, ನನಗೇನೂ ಕೇಳಿಸಲಿಲ್ಲ," ಎಂದು ಗುಮಾಸ್ತೆ ಕಿವಿ ಮುಚ್ಚಿಕೊಂಡರು. "ಹೊರಡಿ ಇನ್ನು."

ನಾದಿನಿ ಹೊರಡಲಿಲ್ಲ. ಯಂತ್ರದ ಅಲಗನ್ನು ನೋಡುತ್ತಾ ನಿಂತಿದ್ದಳು.

"ಇಪ್ಪತ್ತಾರು ವರ್ಷದ ಹಿಂದೆ ಈ ಯಂತ್ರ ಇತ್ತಾ?"

ಗುಮಾಸ್ತೆ ನಾದಿನಿಯ ಮುಖವನ್ನೂ ತೋಳಿನ ದಾರವನ್ನೂ ನೋಡಿದರು.

"ಯಂತ್ರ ಇತ್ತಮ್ಮ," ಅಂದರು. "ಕತ್ತರಿಸ್ತಿರಲಿಲ್ಲ."

ಬಸ್ಸಿನಲ್ಲಿ ನಾದಿನಿ ಕಿಟಕಿಯ ಪಕ್ಕ ಕೂತು ಕೋಟಿನ ತೋಳು ನೇರ ಮಾಡಿಕೊಂಡಳು. "ಅತ್ತಿಗೆ, ಬ್ರೆಡ್ ತಗೊಂಡು ಹೋಗೋಣ. ಇವತ್ತು ಮನೇಲಿ ಯಾರೂ ಅಡುಗೆ ಮಾಡಿರಲ್ಲ," ಅಂದಳು.

ಅವಳ ಮಾತು ನಿಜವಾಗಿತ್ತು. ನನ್ನ ಗಂಡ ಪೂರ್ತಿ ಕೇಳಿ, "ಬೆಟ್ಟ ಅಗೆದು ಇಲಿ ಹಿಡಿದ್ರಿ," ಎಂದು ಗೊಣಗಿ, ತಾವೇ ಎದ್ದು ಬ್ರೆಡ್ ಕೊಯ್ದರು. ಒಂದು ತುಂಡನ್ನು ಮೊದಲು ಮಗಳಿಗೆ ಕೊಟ್ಟರು. ಅಜ್ಜಿ ಮೂರು ಸಲ ಕೇಳಿದರು, ಹೆಬ್ಬೆರಳು ಗುಮಾಸ್ತೆಯದೋ ನಿನ್ನದೋ, ಅವರದು ದಪ್ಪವೋ ತೆಳ್ಳಗೋ ಎಂದು. ಆಮೇಲೆ ಸೂಜಿ ಡಬ್ಬಿ ತರಿಸಿಕೊಂಡರು. "ವೈದ್ಯರ ಕೋಟು ಬೇಕರಿಗೆ ಕಳಿಸಿದ ಮಹಾತಾಯಿ, ಇತ್ತ ಕೊಡು," ಎಂದು ನನ್ನ ಕೈಯಲ್ಲಿದ್ದ ಅಂಗಿಯನ್ನು ಕಿತ್ತುಕೊಂಡರು.

ಎರಡು ವಾರದ ನಂತರ ಪಟ್ಟಿ ಬಂತು. ಹೆಸರಿಲ್ಲ, ಅಂಕದ ಕ್ರಮದಲ್ಲಿ ನಂಬರ್ ಮಾತ್ರ. ಕಡ್ಡಿ ಮೇಲಿನಿಂದ ಬೆರಳಿಟ್ಟು ಇಳಿದಳು. ಇಪ್ಪತ್ತು, ಇಪ್ಪತ್ತೈದು. ಮೂವತ್ತು ದಾಟಿದಾಗ ನಾನು ಪಟ್ಟಿಯನ್ನು ಬಿಟ್ಟು ಅವಳ ಬೆರಳನ್ನು ನೋಡತೊಡಗಿದೆ. ಅದು ಮೂವತ್ತೊಂದರಲ್ಲಿ ನಿಂತಿತು.

"ಮೂವತ್ತೊಂದು," ಅಂದಳು. "ಮೂವತ್ತೊಂದು! ಯಾರೂ ಪಾಪ ಅಂತ ಕೊಟ್ಟಿದ್ದಲ್ಲ. ಮೊಣಕೈ ಇದ್ದಿದ್ರೆ ಇಪ್ಪತ್ತೈದರೊಳಗೆ ಬರ್ತಿದ್ದೆ."

"ಬಂದಿದ್ದು ಸಾಲದಾ?" ಅಂದರು ಅವಳಪ್ಪ.

"ಸಾಕಪ್ಪ. ಇದು ಸಾಕು."

ಆ ಸಂಜೆ ವಕೀಲರ ಹೆಂಡತಿ ಅಂಗಿ ಒಯ್ಯಲು ಬಂದರು. ಅವರ ಮುಖ ನೋಡಿಯೇ ಕೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದೆ. ಅವರೇ, "ನಮ್ಮವಳದು ಮೂವತ್ತೆಂಟು. ಕೊನೇಲಿ ನುಸುಳಿಕೊಂಡ್ಲು," ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. "ಮಧ್ಯಾಹ್ನದಿಂದ ಮಲಗಿದಾಳೆ ಕಣ್ರೀ. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ನಿಮ್ಮದು?"

"ಮೂವತ್ತೊಂದು."

ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, "ಇಬ್ರೂ ಒಂದೇ ಬಸ್ಸಿಗೆ ಹೋಗಬಹುದಲ್ವಾ?" ಅಂದರು. ಹೋದ ವರ್ಷದ ಹನ್ನೊಂದರ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನಾನು ಮರೆತಿರಲಿಲ್ಲ. ಗಂಜಿಯ ಬಗ್ಗೆ ಅವರು ಅವತ್ತೊಂದು ದಿನ ಏನೂ ಹೇಳದೆ ಹೋದರು.

ತಿಂಗಳ ಕೊನೆಗೆ ಕಾಲೇಜಿನವರು ಚಿತ್ರಗಳನ್ನು ವಾಪಸು ಕೊಟ್ಟರು. ಹನ್ನೆರಡೂ ಹಾಳೆಗಳು ಅಂಚು ಕಳೆದುಕೊಂಡು ಒಂದು ಸುತ್ತು ಇಳಿದಿದ್ದವು. ಬಸ್ ನಿಲ್ದಾಣ, ಚಪ್ಪಲಿ ಅಂಗಡಿ, ಶಾಲೆಯ ಮೆಟ್ಟಿಲು ಹೀಗೆ ಬೇರೆಯವರ ಜಾಗಗಳು. ನಮ್ಮ ಮನೆಯದೆಂದು ಇದ್ದದ್ದು ಒಂದೇ: ಇಸ್ತ್ರಿ ಒತ್ತುವ ಒಂದು ಕೈ. ಇಸ್ತ್ರಿ ಎಲ್ಲರ ಮನೆಯಲ್ಲೂ ಇರುತ್ತದೆ, ಯಾವ ಜನ ಎಂದು ತಿಳಿಯುವುದಿಲ್ಲ ಎಂದು ಚರ್ಚೆ ಮಾಡಿಯೇ ಕಡ್ಡಿ ಅದನ್ನು ಸೇರಿಸಿದ್ದಳು. ಕೈ ಮಾತ್ರ ನಾದಿನಿಯದು. ಮೇಲಕ್ಕೆದ್ದ ಮೊಣಕೈ ಬಲಗಡೆ ಅರ್ಧಕ್ಕೆ ತುಂಡಾಗಿತ್ತು.

"ನನ್ನ ಮೊಣಕೈ ಹೋದ್ರೂ ನಿನ್ನ ಸೀಟು ಬಂತಲ್ಲ," ಎಂದು ನಾದಿನಿ ಆ ಹಾಳೆಯನ್ನು ಕೇಳಿ ತೆಗೆದುಕೊಂಡಳು. ಇಸ್ತ್ರಿ ಮೇಜಿನ ಎದುರಿನ ಗೋಡೆಗೆ ಗಂಜಿಯಲ್ಲೇ ಅಂಟಿಸಿದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಬಂದವಳು ಹಾಗೇ ನಿಂತೆ. ಹಾಳೆ ಮುಗಿದ ಕಡೆಯಿಂದ ಪೆನ್ಸಿಲ್ ಗೆರೆ ಸುಣ್ಣದ ಗೋಡೆಯ ಮೇಲೆ ಮುಂದುವರಿದಿತ್ತು. ಮೊಣಕೈ, ಮಡಿಸಿದ ತೋಳು, ಭುಜ, ಕತ್ತಿನ ಬಾಗು. ಮೇಜಿನ ತುದಿ, ಅದರಾಚೆ ಕಿಟಕಿ. ಕಡ್ಡಿಯ ಗೆರೆಗಿಂತ ನಿಧಾನವಾದ, ಗಟ್ಟಿಯಾದ ಗೆರೆ. ಕಡ್ಡಿ ನನ್ನ ಹಿಂದೆ ಬಂದು ನೋಡಿದಳು, ಬಾಯಿ ತೆರೆದವಳು ನಾನು ಕೈ ಹಿಡಿದದ್ದಕ್ಕೆ ಸುಮ್ಮನಾದಳು.

ಅಜ್ಜಿಗೆ ಅಂಥ ಸಂಕೋಚವಿಲ್ಲ.

"ಗೋಡೆ ಮೇಲೆ ಗೀಚಿದ್ದು ಯಾರೇ?"

ನಾದಿನಿ ಇಸ್ತ್ರಿಯ ಬಿಸಿ ನೋಡುತ್ತಾ, ತಲೆ ಎತ್ತದೆ ಹೇಳಿದಳು. "ಕಾಲೇಜಿನವರು ಕತ್ತರಿಸಿದ ತುಂಡು ಸುಮ್ಮನೆ ಬಿದ್ದಿತ್ತು. ಎತ್ತಿಟ್ಟೆ."

ಅಜ್ಜಿ ಗೋಡೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಬೆರಳಿನಿಂದ ಮುಟ್ಟದೆ ಗೆರೆಯ ಉದ್ದಕ್ಕೂ ಕೈ ಆಡಿಸಿದರು.

"ಚೆನ್ನಾಗಿ ಕೂಡಿಸಿದೀಯ," ಅಂದರು. "ಎಲ್ಲಿ ಕತ್ತರಿಸಿದ್ರು ಅಂತಲೇ ಗೊತ್ತಾಗಲ್ಲ."